ಹಕ್ಕಾ ಜನರ ನಡುವೆ ಕ್ರೈಸ್ತ ಮತಪ್ರಚಾರ

ಕನ್ನಡ ನಾಡಿನ ವಿದ್ಯಾವಂತರಿಗೆ ಬಾಸೆಲ್ ಮಿಷನ್ನಿನ ಹೆಸರು ಹೊಸದಲ್ಲ. ೧೮೧೫ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಬೋಧಕರು ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದರು. ಅವರ ಮುದ್ರಣಾಲಯ, ಮೋಗ್ಲಿಂಗರು ೧೮೪೩ರಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ', ಕಿಟ್ಟೆಲರ ೧೮೯೪ರ ನಿಘಂಟು, ನೇತ್ರಾವತಿಯ ದಡದಲ್ಲಿ ೧೮೬೫ರಲ್ಲಿ ತೊಡಗಿದ ಹಂಚಿನ ಕಾರ್ಖಾನೆ ಇವೆಲ್ಲವೂ ನಮ್ಮ ನಾಡಿನ ಚರಿತ್ರೆಯಲ್ಲಿ ಸೇರಿಹೋಗಿವೆ. ಆದರೆ ಇದೇ ಸಂಸ್ಥೆ ಇದೇ ಕಾಲದಲ್ಲಿ ದಕ್ಷಿಣ ಚೀನದ ಗುಡ್ಡಗಾಡಿನಲ್ಲಿ ಹಕ್ಕಾ ಎಂಬ ಜನರ ನಡುವೆ ಕೆಲಸ ಮಾಡುತ್ತಿದ್ದಿತೆಂಬುದು ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ.

ಈ ಕಾರ್ಯವನ್ನು ಕುರಿತು ಎರಡು ಬಗೆಯ ವಿವರಣೆಗಳು ರೂಢಿಯಲ್ಲಿವೆ. ಮಿಷನ್ನಿನ ವರದಿಗಳನ್ನೇ ಅನುಸರಿಸಿದವರು ಯೂರೋಪಿನ ಬೋಧಕರ ತ್ಯಾಗವನ್ನೂ ಪರಿಶ್ರಮವನ್ನೂ ಮುಂದಿಟ್ಟು, ಹಕ್ಕಾ ಜನರನ್ನು ಬಿತ್ತನೆಗಾಗಿ ಕಾದಿದ್ದ ಹೊಲದಂತೆ ಚಿತ್ರಿಸುತ್ತಾರೆ. ಇನ್ನು ಕೆಲವರು, ಅಫೀಮು ಯುದ್ಧದ ಬೆನ್ನಿಗೇ ಬಂದ ಈ ಮತ ಪಾಶ್ಚಾತ್ಯ ಫಿರಂಗಿಗಳ ಆಸರೆಯಲ್ಲಿ ಬೆಳೆದುದೆಂದು ತೀರ್ಮಾನಿಸಿಬಿಡುತ್ತಾರೆ. ಎರಡರಲ್ಲಿಯೂ ಸತ್ಯಾಂಶವುಂಟು, ಎರಡರಲ್ಲಿಯೂ ಹಕ್ಕಾ ಜನರು ಮಾತ್ರ ಕಾಣೆಯಾಗಿದ್ದಾರೆ. ಹಕ್ಕಾ ಕ್ರೈಸ್ತ ಸಮಾಜವನ್ನು ಕಟ್ಟಿದವರು ಮುಖ್ಯವಾಗಿ ಹಕ್ಕಾ ಜನರೇ ಎಂಬುದನ್ನೂ, ಮಿಷನ್ನಿನಿಂದ ಅವರು ಪಡೆದುದೇನು, ಪಡೆಯದೆ ಬಿಟ್ಟುದೇನು ಎಂಬುದನ್ನೂ ಸಾಧ್ಯವಾದಷ್ಟು ಸ್ಪಷ್ಟಪಡಿಸುವುದು ಈ ಲೇಖನದ ಉದ್ದೇಶ.

೧. ಹಕ್ಕಾ ಜನರು

ಹಕ್ಕಾ ಎಂಬ ಶಬ್ದಕ್ಕೆ 'ಅತಿಥಿ ಕುಟುಂಬದವರು' ಎಂದು ಅರ್ಥ. ಹೊರಗಿನಿಂದ ಬಂದು ನೆಲಸಿದವರೆಂಬುದು ಅದರ ಧ್ವನಿ. ಇದಕ್ಕೆ ಪ್ರತಿಯಾದ ಶಬ್ದ 'ಪುಂಟಿ'. ಎಂದರೆ ಈ ನೆಲದವರು. ಒಂದು ಜನಸಮುದಾಯ ಶತಮಾನಗಳ ಕಾಲ ಒಂದೆಡೆ ಬಾಳಿಯೂ ಅತಿಥಿಯೆಂಬ ಹೆಸರನ್ನೇ ಹೊತ್ತಿದ್ದುದು ಅದರ ಚರಿತ್ರೆಯನ್ನು ಅರಿಯಲು ಮೊದಲ ಸೂಚನೆ. ಹಕ್ಕಾ ಜನರು ಜನಾಂಗದಿಂದ ಹಾನ್ ಚೀನೀಯರೇ. ಅವರ ಪೂರ್ವಿಕರು ಉತ್ತರ ಚೀನದಿಂದ ಅಲೆಅಲೆಯಾಗಿ ದಕ್ಷಿಣಕ್ಕೆ ಸರಿದು ಬಂದರೆಂಬುದು ಅವರ ಕುಲಚರಿತ್ರೆಗಳ ಹೇಳಿಕೆ. ಗ್ವಾಂಗ್‌ಡೋಂಗ್, ಫೂಜ್ಯೆನ್, ಜ್ಯಾಂಗ್‌ಶಿ ಈ ಮೂರು ಪ್ರಾಂತಗಳು ಕೂಡುವ ಬೆಟ್ಟದ ಸೀಮೆ ಅವರ ನೆಲೆ. ಗ್ವಾಂಗ್‌ಡೋಂಗಿನ ಈಶಾನ್ಯ ಭಾಗದ ಮೆಯ್‌ಜೋ ಪಟ್ಟಣ ಅವರ ನಾಡಿನ ಹೃದಯವೆನಿಸಿದೆ.

ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಮಂಚು ಸರಕಾರವು ಸಮುದ್ರದ ಕಡೆಯಿಂದ ಬರುವ ವಿರೋಧಿಗಳಿಗೆ ಆಸರೆ ಸಿಗದಂತೆ ಕರಾವಳಿಯ ಜನರನ್ನೆಲ್ಲ ಒಳನಾಡಿಗೆ ಎಬ್ಬಿಸಿತು. ೧೬೬೯ರಲ್ಲಿ ಈ ಆಜ್ಞೆ ಸಡಿಲಗೊಂಡ ಮೇಲೆ ಪಾಳುಬಿದ್ದ ಭೂಮಿಯನ್ನು ಸಾಗುವಳಿ ಮಾಡಲು ಹಕ್ಕಾ ಕುಟುಂಬಗಳು ಬೆಟ್ಟದಿಂದ ಇಳಿದು ಬಂದವು. ಹಾಂಗ್ ಕಾಂಗಿನ ಸುತ್ತಣ ಹಳ್ಳಿಗಳಲ್ಲಿ ಅವರು ನೆಲಸಿದ ಬಗೆ ಇದು. ಆದರೆ ಕಣಿವೆಯ ಒಳ್ಳೆಯ ಗದ್ದೆಗಳು ಬಹುಮಟ್ಟಿಗೆ ಪುಂಟಿ ಕುಲಗಳ ವಶದಲ್ಲಿದ್ದವು. ಹಕ್ಕಾ ರೈತರ ಪಾಲಿಗೆ ಬಂದದ್ದು ಗುಡ್ಡದ ಇಳಿಜಾರು, ಗೇಣಿಯ ಹೊಲ, ಕಲ್ಲುಗಣಿ. ಹಕ್ಕಾ ಹೆಂಗಸರು ಕಾಲು ಕಟ್ಟುವ ಪದ್ಧತಿಯನ್ನು ಅನುಸರಿಸದೆ ಗಂಡಸರ ಸಮಕ್ಕೆ ಹೊಲದಲ್ಲಿ ದುಡಿಯುತ್ತಿದ್ದರು. ನೆರೆಯವರು ಇದನ್ನೇ ಕೀಳುತನದ ಗುರುತೆಂದು ಹೀಯಾಳಿಸುತ್ತಿದ್ದುದುಂಟು. ಹಕ್ಕಾ ಎಂಬ ಹೆಸರಿಗೆ ನಾಯಿಯನ್ನು ಸೂಚಿಸುವ ಅಂಗವನ್ನು ಸೇರಿಸಿ ಬರೆದುದೂ ಉಂಟು. ನೆಲ, ನೀರು, ಸಂತೆಗಳಿಗಾಗಿ ನಡೆಯುತ್ತಿದ್ದ ಜಗಳ ೧೮೫೫ರಿಂದ ೧೮೬೭ರ ವರೆಗೆ ಗ್ವಾಂಗ್‌ಡೋಂಗಿನ ನೈಋತ್ಯ ಭಾಗದಲ್ಲಿ ಘೋರವಾದ ಅಂತರ್ಯುದ್ಧದ ರೂಪವನ್ನು ತಾಳಿ, ಲಕ್ಷಗಟ್ಟಲೆ ಜನರನ್ನು ಬಲಿ ತೆಗೆದುಕೊಂಡಿತು.

ಇಷ್ಟರಿಂದಲೇ ಹಕ್ಕಾ ಜನರೆಲ್ಲರೂ ದರಿದ್ರರು, ಅವಿದ್ಯಾವಂತರು ಎಂದು ಭಾವಿಸಲಾಗದು. ಮೆಯ್‌ಜೋ ಸೀಮೆಯಲ್ಲಿ ರಾಜಕೀಯ ಪರೀಕ್ಷೆಗಳಲ್ಲಿ ತೇರ್ಗಡೆಯಾದವರ ಸಂಖ್ಯೆ ದೊಡ್ಡದು. ಹೊಲದಲ್ಲಿ ತಾಯಿ ದುಡಿದು ಮಗನನ್ನು ಓದಿಸುವುದು ಅಲ್ಲಿಯ ವಾಡಿಕೆ. ಅಕ್ಷರದ ಮೇಲೆ ಈ ಜನರಿಗಿದ್ದ ಗೌರವವನ್ನು ನೆನಪಿನಲ್ಲಿಟ್ಟುಕೊಳ್ಳದಿದ್ದರೆ ಮುಂದೆ ಲಿಪಿಯ ವಿಷಯದಲ್ಲಿ ನಡೆದುದು ಅರ್ಥವಾಗುವುದಿಲ್ಲ.

೨. ಹಾಂಗ್ ಕಾಂಗಿನಲ್ಲಿ ಆರಂಭ

೧೮೪೨ರ ನಾನ್‌ಜಿಂಗ್ ಒಪ್ಪಂದದಿಂದ ಹಾಂಗ್ ಕಾಂಗ್ ದ್ವೀಪ ಬ್ರಿಟಿಷರ ಕೈಸೇರಿ, ಐದು ರೇವುಗಳು ವಿದೇಶಿಯರಿಗೆ ತೆರೆದವು. ಒಳನಾಡಿನಲ್ಲಿ ನೆಲಸಲು ಮಾತ್ರ ಅವರಿಗೆ ಅಪ್ಪಣೆಯಿರಲಿಲ್ಲ. ಈ ಅಡ್ಡಿಯನ್ನು ದಾಟಲು ಒಂದು ಉಪಾಯವನ್ನು ಹೂಡಿದವರು ಕಾರ್ಲ್ ಗ್ಯುಟ್ಸ್‌ಲಾಫ್ ಎಂಬ ಪ್ರಷ್ಯದ ಬೋಧಕರು. ಹಲವು ಚೀನೀ ನುಡಿಗಳಲ್ಲಿ ಪರಿಣತರಾದ ಇವರ ಜೀವನದಲ್ಲಿ ಒಂದು ಕಲೆಯೂ ಉಂಟು: ಹಿಂದೆ ಅಫೀಮು ಸಾಗಿಸುವ ಹಡಗಿನಲ್ಲಿ ದುಭಾಷಿಯಾಗಿ ಕೆಲಸ ಮಾಡಿ, ಆ ಅವಕಾಶದಲ್ಲಿಯೇ ಕರಾವಳಿಯಲ್ಲಿ ಧರ್ಮಪುಸ್ತಕಗಳನ್ನು ಹಂಚಿದ್ದರು. ೧೮೪೪ರಲ್ಲಿ ಅವರು 'ಚೀನೀ ಸಂಘ'ವೊಂದನ್ನು ಸ್ಥಾಪಿಸಿದರು. ಚೀನವನ್ನು ಕ್ರೈಸ್ತವಾಗಿಸಬೇಕಾದವರು ಚೀನೀಯರೇ. ಪರದೇಶದವರು ಅವರಿಗೆ ಬೋಧಿಸಿ ಕಳುಹಿಸಿಕೊಟ್ಟರೆ ಸಾಕು ಎಂಬುದು ಅವರ ತತ್ತ್ವ.

ಗ್ಯುಟ್ಸ್‌ಲಾಫರ ಕರೆಗೆ ಓಗೊಟ್ಟು ಬಾಸೆಲ್ ಮಿಷನ್ ಇಬ್ಬರು ತರುಣರನ್ನು ಕಳುಹಿಸಿತು. ಒಬ್ಬರು ಸ್ವೀಡನ್ನಿನ ತೆಯೊಡೋರ್ ಹಾಂಬೆರ್ಗ್, ಇನ್ನೊಬ್ಬರು ವ್ಯೂರ್ಟೆಂಬೆರ್ಗಿನ ರುಡೋಲ್ಫ್ ಲೆಖ್ಲರ್. ೧೮೪೭ರ ಮಾರ್ಚ್ ತಿಂಗಳಲ್ಲಿ ಇವರು ಹಾಂಗ್ ಕಾಂಗನ್ನು ಮುಟ್ಟಿದರು. ಹಾಂಬೆರ್ಗರಿಗೆ ಹಕ್ಕಾ ಜನರನ್ನೂ ಲೆಖ್ಲರರಿಗೆ ಪೂರ್ವ ಕರಾವಳಿಯ ಹೋಕ್ಲೋ ಜನರನ್ನೂ ಗ್ಯುಟ್ಸ್‌ಲಾಫರು ವಹಿಸಿಕೊಟ್ಟರು. ಹೋಕ್ಲೋ ನಾಡಿನಲ್ಲಿ ವಿರೋಧ ಬಲವಾಗಿ, ೧೮೫೨ರಲ್ಲಿ ಲೆಖ್ಲರರು ಹಿಂದಿರುಗಿ ಹಾಂಬೆರ್ಗರನ್ನು ಸೇರಿದರು. ಹೀಗೆ ಬಾಸೆಲ್ ಮಿಷನ್ನಿನ ಚೀನದ ಕಾರ್ಯವೆಂದರೆ ಹಕ್ಕಾ ಜನರ ನಡುವಣ ಕಾರ್ಯವೆಂದೇ ಆಯಿತು. ಇದು ಮುಂದಾಲೋಚನೆಯ ಫಲವಲ್ಲ, ಸಂದರ್ಭದ ಪರಿಣಾಮ.

ಚೀನೀ ಸಂಘದ ಗತಿ ದುಃಖಕರವಾದುದು. ೧೮೪೯ರ ಕೊನೆಯಲ್ಲಿ ಗ್ಯುಟ್ಸ್‌ಲಾಫರು ಯೂರೋಪಿಗೆ ಹೋದಾಗ ಅದರ ಮೇಲ್ವಿಚಾರಣೆ ಹಾಂಬೆರ್ಗರ ಪಾಲಿಗೆ ಬಂತು. ಅವರು ವಿಚಾರಿಸಿ ನೋಡಲಾಗಿ, ಸಂಘದ ಬೋಧಕರಲ್ಲಿ ಬಹುಮಂದಿ ಒಳನಾಡಿಗೆ ಹೋಗಿಯೇ ಇರಲಿಲ್ಲವೆಂದೂ, ಪ್ರವಾಸದ ವರದಿಗಳು ಕಲ್ಪಿತವೆಂದೂ, ಹಂಚಲು ಕೊಟ್ಟ ಪುಸ್ತಕಗಳನ್ನು ಮುದ್ರಕನಿಗೇ ಮರಳಿ ಮಾರಲಾಗುತ್ತಿದ್ದಿತೆಂದೂ ಗೊತ್ತಾಯಿತು. ಗ್ಯುಟ್ಸ್‌ಲಾಫರು ೧೮೫೧ರಲ್ಲಿ ತೀರಿಕೊಂಡರು, ಸಂಘವೂ ಚದುರಿತು. ಆದರೆ ಈ ಕಥೆಯನ್ನು ಇಲ್ಲಿಗೇ ಮುಗಿಸುವುದು ಸರಿಯಲ್ಲ. ಸಂಘದಲ್ಲಿದ್ದ ಪ್ರಾಮಾಣಿಕರಾದ ಕೆಲವು ಹಕ್ಕಾ ಸದಸ್ಯರು ಹಾಂಬೆರ್ಗರ ಬಳಿ ಉಳಿದುಕೊಂಡರು. ಮುಂದಿನ ಹಕ್ಕಾ ಸಭೆಗಳ ಬೇರು ಇವರೇ. ಗ್ಯುಟ್ಸ್‌ಲಾಫರ ಏರ್ಪಾಡು ಕೆಟ್ಟಿತು. ಅವರ ತತ್ತ್ವ ಹಕ್ಕಾ ನಾಡಿನಲ್ಲಿ ನಿಜವಾಯಿತು.

೩. ತಾಯ್‌ಪಿಂಗ್ ದಂಗೆ ಮತ್ತು ಹಾಂಬೆರ್ಗರ ಪುಸ್ತಕ

ಹಕ್ಕಾ ಜನರಲ್ಲಿ ಕ್ರೈಸ್ತ ಬೋಧೆಯ ಅತಿ ದೊಡ್ಡ ಪರಿಣಾಮ ಯಾವ ಮಿಷನ್ನಿನ ಕೈಯಿಂದಲೂ ಆದುದಲ್ಲ. ಕ್ಯಾಂಟನ್ ನಗರದ ಉತ್ತರಕ್ಕಿರುವ ಹಳ್ಳಿಯೊಂದರ ಹಕ್ಕಾ ಉಪಾಧ್ಯಾಯರಾದ ಹೋಂಗ್ ಶ್ಯೂಚ್ವಾನರು ಪರೀಕ್ಷೆಗೆಂದು ಕ್ಯಾಂಟನ್ನಿಗೆ ಹೋಗಿದ್ದಾಗ, ಲ್ಯಾಂಗ್ ಫಾ ಎಂಬ ಚೀನೀ ಕ್ರೈಸ್ತರು ಬರೆದ ಒಂದು ಉಪದೇಶಗ್ರಂಥ ಅವರ ಕೈಸೇರಿತು. ೧೮೩೭ರಲ್ಲಿ ಪರೀಕ್ಷೆಯಲ್ಲಿ ಮತ್ತೆ ಸೋತು ಕಾಯಿಲೆ ಬಿದ್ದಾಗ ಅವರಿಗೆ ಸ್ವರ್ಗದ ದರ್ಶನವಾಯಿತಂತೆ. ೧೮೪೩ರಲ್ಲಿ ಆ ಗ್ರಂಥವನ್ನು ಓದಿ, ತಾವು ಕಂಡ ವೃದ್ಧನೇ ದೇವರು, ಕಂಡ ಹಿರಿಯಣ್ಣನೇ ಯೇಸು, ತಾವು ದೇವರ ಕಿರಿಯ ಮಗನೆಂದು ಅವರು ನಿಶ್ಚಯಿಸಿಕೊಂಡರು. ೧೮೪೭ರಲ್ಲಿ ಕ್ಯಾಂಟನ್ನಿನ ಅಮೆರಿಕನ್ ಬೋಧಕರಾದ ರಾಬರ್ಟ್ಸರ ಬಳಿ ಕೆಲಕಾಲ ಕಲಿತರೂ ದೀಕ್ಷಾಸ್ನಾನ ದೊರೆಯಲಿಲ್ಲ. ಇಷ್ಟರಲ್ಲಿ ಅವರ ಮಿತ್ರರಾದ ಫೆಂಗ್ ಯೂನ್‌ಷಾನರು ಗ್ವಾಂಗ್‌ಶಿಯ ಬೆಟ್ಟಗಳಲ್ಲಿ ಹಕ್ಕಾ ರೈತರನ್ನೂ ಗಣಿಕೆಲಸದವರನ್ನೂ ಕೂಡಿಸಿ ದೇವಾರಾಧಕರ ಕೂಟವನ್ನು ಕಟ್ಟಿದ್ದರು. ೧೮೫೧ರ ಜನವರಿಯಲ್ಲಿ ದಂಗೆ ಎದ್ದಿತು. ೧೮೫೩ರಲ್ಲಿ ನಾನ್‌ಜಿಂಗ್ ಅವರ ರಾಜಧಾನಿಯಾಯಿತು. ೧೮೬೪ರಲ್ಲಿ ಅದು ಬಿದ್ದಿತು. ಈ ಯುದ್ಧದಲ್ಲಿಯೂ ಅದರ ಹಿಂದೆ ಬಂದ ಕ್ಷಾಮ ರೋಗಗಳಲ್ಲಿಯೂ ಎರಡು ಕೋಟಿಗಿಂತ ಕಡಮೆಯಿಲ್ಲದಷ್ಟು ಜನ ಮಡಿದರೆಂದು ಸಾಮಾನ್ಯವಾಗಿ ಅಂದಾಜು ಮಾಡಲಾಗಿದೆ.

ಈ ದಂಗೆಯ ಮೂಲವನ್ನು ಜಗತ್ತು ಅರಿತುದು ಬಾಸೆಲ್ ಮಿಷನ್ನಿನ ಹಾಂಬೆರ್ಗರಿಂದ. ೧೮೫೨ರಲ್ಲಿ ಹೋಂಗ್ ಶ್ಯೂಚ್ವಾನರ ಬಂಧುಗಳಾದ ಹೋಂಗ್ ರೆನ್‌ಗಾನರು ಸರಕಾರದ ಬೆನ್ನಟ್ಟುವಿಕೆಗೆ ಹೆದರಿ ಹಾಂಬೆರ್ಗರ ಬಳಿಗೆ ಬಂದು, ತಮ್ಮ ಬಂಧುವಿನ ವೃತ್ತಾಂತವನ್ನು ಬರೆದುಕೊಟ್ಟರು. ಮರುವರ್ಷ ಹಾಂಬೆರ್ಗರಿಂದಲೇ ದೀಕ್ಷಾಸ್ನಾನವನ್ನೂ ಪಡೆದರು. ಈ ವೃತ್ತಾಂತದ ಆಧಾರದ ಮೇಲೆ ಹಾಂಬೆರ್ಗರು ಇಂಗ್ಲಿಷಿನಲ್ಲಿ ಬರೆದ ಪುಸ್ತಕ ೧೮೫೪ರಲ್ಲಿ ಹಾಂಗ್ ಕಾಂಗಿನಲ್ಲಿ ಅಚ್ಚಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ಅವರು ಆಮಶಂಕೆಯಿಂದ ತೀರಿಕೊಂಡರು. ತಾಯ್‌ಪಿಂಗ್ ಚರಿತ್ರೆಯನ್ನು ಬರೆಯುವವರು ಇಂದಿಗೂ ಈ ಚಿಕ್ಕ ಪುಸ್ತಕವನ್ನು ಬಿಡುವಂತಿಲ್ಲ. ಹೆಸರು ಹಾಂಬೆರ್ಗರದಾದರೂ ಅದರ ಸಾಮಗ್ರಿ ಹಕ್ಕಾ ಬಂಧುವೊಬ್ಬರು ಕೊಟ್ಟ ಸಾಕ್ಷ್ಯ ಎಂಬುದನ್ನು ಇಲ್ಲಿ ಗಮನಿಸಬೇಕು.

ಹೋಂಗ್ ರೆನ್‌ಗಾನರು ೧೮೫೯ರಲ್ಲಿ ನಾನ್‌ಜಿಂಗನ್ನು ಸೇರಿ, ತಾಯ್‌ಪಿಂಗ್ ರಾಜ್ಯದ ಉನ್ನತ ಪದವಿಗೆ ಏರಿ, ರೈಲು, ಅಂಚೆ, ವೃತ್ತಪತ್ರಿಕೆ, ಬ್ಯಾಂಕುಗಳನ್ನೊಳಗೊಂಡ ಸುಧಾರಣೆಯ ಯೋಜನೆಯೊಂದನ್ನು ಮುಂದಿಟ್ಟರು. ೧೮೬೪ರಲ್ಲಿ ಮರಣದಂಡನೆಗೆ ಗುರಿಯಾದರು. ಅವರೊಡನೆ ಹಾಂಬೆರ್ಗರ ಬಳಿಗೆ ಬಂದಿದ್ದ ಲಿ ಜೆಂಗ್‌ಗಾವ್ ಎಂಬ ಮಿತ್ರರು ಬೇರೆ ದಾರಿಯನ್ನು ಹಿಡಿದು, ಬಾಸೆಲ್ ಮಿಷನ್ನಿನ ಉಪದೇಶಿಯಾಗಿ ದೀರ್ಘಕಾಲ ಸೇವೆ ಸಲ್ಲಿಸಿದರು. ಒಂದೇ ಬೋಧೆಯಿಂದ ಒಬ್ಬರು ರಾಜ್ಯವನ್ನು ಕಟ್ಟಲು ಹೋದರು, ಇನ್ನೊಬ್ಬರು ಹಳ್ಳಿಯ ಸಭೆಯನ್ನು ಕಟ್ಟಿದರು. ಯಾವುದನ್ನು ಆರಿಸಿಕೊಳ್ಳಬೇಕೆಂಬುದು ಮಿಷನರಿಗಳ ಕೈಯಲ್ಲಿರಲಿಲ್ಲ.

೪. ವೂಹ್ವಾ: ನೆಂಟಸ್ತಿಕೆಯ ದಾರಿ

ಬಾಸೆಲ್ ಮಿಷನ್ನಿನ ಮೊದಲ ಒಳನಾಡ ಠಾಣ್ಯಗಳು ಹಾಂಗ್ ಕಾಂಗಿಗೆ ಎದುರಾದ ಶಿನ್‌ಆನ್ ಸೀಮೆಯಲ್ಲಿದ್ದವು. ಅವುಗಳಲ್ಲಿ ಲಿಲಾಂಗ್ ಮುಖ್ಯವಾದುದು. ಇಂದು ಆ ಪ್ರದೇಶವೆಲ್ಲ ಶೆನ್‌ಜೆನ್ ಮಹಾನಗರದೊಳಗೆ ಅಡಗಿದೆ. ೧೮೫೬ರಲ್ಲಿ ಎರಡನೆಯ ಅಫೀಮು ಯುದ್ಧ ಆರಂಭವಾದೊಡನೆ ಮಿಷನರಿಗಳು ಹಾಂಗ್ ಕಾಂಗಿಗೆ ಹಿಂದೆ ಸರಿಯಬೇಕಾಯಿತು. ಒಳನಾಡಿನಲ್ಲಿ ಬೋಧಿಸುವ ಹಕ್ಕು ಅವರಿಗೆ ನಿಶ್ಚಿತವಾಗಿ ದೊರೆತುದು ೧೮೫೮ ಮತ್ತು ೧೮೬೦ರ ಒಪ್ಪಂದಗಳಿಂದ.

ಆದರೆ ಹಾಂಗ್ ಕಾಂಗಿನಿಂದ ಬಹುದೂರದ ವೂಹ್ವಾ ಸೀಮೆಯಲ್ಲಿ ಕ್ರೈಸ್ತ ಮತ ಈ ಒಪ್ಪಂದಗಳಿಗಾಗಿ ಕಾಯಲಿಲ್ಲ. ಜಾಂಗ್ ಫೂಶಿಂಗ್ ಎಂಬ ಹಕ್ಕಾ ಕ್ರೈಸ್ತರು ೧೮೫೦ರ ದಶಕದ ಆರಂಭದಲ್ಲಿ ತಮ್ಮ ಹುಟ್ಟೂರಿಗೆ ಹಿಂದಿರುಗಿ, ಮೊದಲು ಮನೆಯವರಿಗೆ, ಅನಂತರ ಕುಲಬಾಂಧವರಿಗೆ, ಆ ಮೇಲೆ ಬೀಗರಿಗೂ ನೆಂಟರಿಗೂ ಬೋಧಿಸಿದರು. ಹೆಣ್ಣು ಕೊಟ್ಟ ಊರಿಗೆ, ಹೆಣ್ಣು ತಂದ ಊರಿಗೆ, ಸಂತೆಗೆ ಹೋದ ಊರಿಗೆ ಹೀಗೆ ಸುದ್ದಿ ಹರಡಿತು. ವಿರೋಧ, ಹೊಡೆತಗಳು ತಪ್ಪಲಿಲ್ಲ. ೧೮೬೨ರಲ್ಲಿ ಬಾಸೆಲ್ಲಿನ ಫಿಲಿಪ್ ವಿನ್ನೆಸ್ ಅಲ್ಲಿಗೆ ಹೋದಾಗ, ಯೂರೋಪಿಯನ್ನನ ಮುಖವನ್ನೇ ಕಾಣದ ಊರುಗಳಲ್ಲಿ ದೀಕ್ಷಾಸ್ನಾನಕ್ಕಾಗಿ ಕಾದಿದ್ದ ಕುಟುಂಬಗಳನ್ನು ಕಂಡರು. ಮಿಷನ್ನಿನ ಠಾಣ್ಯ ಅಲ್ಲಿ ಸ್ಥಾಪಿತವಾದುದು ಆಮೇಲೆ. ಸಭೆ ಮೊದಲು, ಮಿಷನರಿ ಅನಂತರ: ವೂಹ್ವಾದಲ್ಲಿ ಚರಿತ್ರೆಯ ಕ್ರಮ ಇದು.

ಇದನ್ನು ಕೇವಲ ಆಧ್ಯಾತ್ಮಿಕ ಪರಿವರ್ತನೆಯೆಂದು ವರ್ಣಿಸಿದರೆ ಸಾಲದು. ಬಲಿಷ್ಠ ಕುಲಗಳೊಡನೆ ಜಗಳವಾಡಿ ಸೋತ ಶಾಖೆಗಳು ಮಿಷನ್ನಿನ ಬೆಂಬಲವನ್ನು ಬಯಸಿ ಬಂದುದುಂಟು. ೧೮೬೦ರ ಅನಂತರ ವಿದೇಶೀ ಬೋಧಕನ ಮಾತಿಗೆ ಅಧಿಕಾರಿಗಳ ಮುಂದೆ ಬೆಲೆಯಿದ್ದಿತು. ಕಾಯಿಲೆಯ ನಿವಾರಣೆಗಾಗಿ, ದೆವ್ವದ ಭಯದ ನಿವಾರಣೆಗಾಗಿ ಬಂದವರೂ ಇದ್ದರು. ಅಮೆರಿಕದ ಜೆಸ್ಸಿ ಲುಟ್ಸ್ ಮತ್ತು ರೋಲಂಡ್ ಲುಟ್ಸ್ ೧೯೯೮ರಲ್ಲಿ ಎಂಟು ಮಂದಿ ಹಕ್ಕಾ ಕ್ರೈಸ್ತರ ಆತ್ಮವೃತ್ತಗಳನ್ನು ಬಾಸೆಲ್ಲಿನ ದಾಖಲೆಗಳಿಂದ ಹೊರತೆಗೆದು ಪ್ರಕಟಿಸಿದ್ದಾರೆ. ಅವನ್ನು ಓದಿದರೆ ಲೌಕಿಕ ಕಾರಣವೂ ಭಕ್ತಿಯೂ ಒಂದೇ ಜೀವದಲ್ಲಿ ಹೆಣೆದುಕೊಂಡಿದ್ದವೆಂಬುದು ಗೊತ್ತಾಗುತ್ತದೆ.

ಇಲ್ಲಿ ಕನ್ನಡ ಕರಾವಳಿಯೊಡನೆ ಹೋಲಿಕೆ ಉಪಯುಕ್ತ. ಮಂಗಳೂರಿನ ಸುತ್ತ ಕ್ರೈಸ್ತರಾದವರಲ್ಲಿ ಬಿಲ್ಲವರು ಬಹುಸಂಖ್ಯೆಯಲ್ಲಿದ್ದರು. ಜಾತಿಯಿಂದ ಹೊರಬಿದ್ದವರಿಗೆ ಕಸುಬೂ ಗೇಣಿಯ ನೆಲವೂ ಆಸರೆಯೂ ತಪ್ಪಿಹೋಗುತ್ತಿದ್ದವು. ಆದುದರಿಂದಲೇ ಮಿಷನ್ ನೇಯ್ಗೆಯ ಶಾಲೆಗಳನ್ನೂ ಹಂಚಿನ ಕಾರ್ಖಾನೆಗಳನ್ನೂ ತೆರೆದು ಅವರಿಗೆ ಬದುಕನ್ನು ಒದಗಿಸಬೇಕಾಯಿತು. ಹಕ್ಕಾ ನಾಡಿನಲ್ಲಿ ಕುಲದ ಒಂದು ಶಾಖೆಯೇ ಒಟ್ಟಿಗೆ ಕ್ರೈಸ್ತವಾಗುತ್ತಿದ್ದುದರಿಂದ ಮನೆ, ಹೊಲ, ದಾಯಾದಿ ಸಂಬಂಧಗಳು ಬಹುಮಟ್ಟಿಗೆ ಉಳಿದುಕೊಂಡವು. ಮಂಗಳೂರಿನಂಥ ಕೈಗಾರಿಕೆ ಅಲ್ಲಿ ಬೆಳೆಯಲಿಲ್ಲ. ಒಂದೇ ಸಂಸ್ಥೆಯ ಕೆಲಸ ಎರಡು ಸಮಾಜಗಳಲ್ಲಿ ಎರಡು ರೂಪಗಳನ್ನು ತಾಳಿದುದಕ್ಕೆ ಕಾರಣ ಬಾಸೆಲ್ಲಿನಲ್ಲಿಲ್ಲ, ಆಯಾ ಸಮಾಜದ ರಚನೆಯಲ್ಲಿದೆ.

೫. ನುಡಿ ಮತ್ತು ಲಿಪಿ

ಹಕ್ಕಾ ನುಡಿ ಚೀನೀ ಭಾಷಾವರ್ಗದ ಒಂದು ಸ್ವತಂತ್ರ ಶಾಖೆ. ಮೆಯ್‌ಜೋ ನುಡಿಯಲ್ಲಿ ಆರು ಸ್ವರಭೇದಗಳಿವೆ. ಎಂದರೆ ಒಂದೇ ಅಕ್ಷರವನ್ನು ಏರಿಸಿಯೋ ಇಳಿಸಿಯೋ ಮೊಟಕಾಗಿಯೋ ಉಚ್ಚರಿಸಿದಾಗ ಅರ್ಥ ಬೇರೆಯಾಗುತ್ತದೆ. ಪ್, ತ್, ಕ್ ಎಂಬ ಹಳೆಯ ಪದಾಂತ್ಯಗಳನ್ನು ಅದು ಉಳಿಸಿಕೊಂಡಿದೆ. 'ನಾನು' ಎಂಬುದಕ್ಕೆ ಹಕ್ಕಾ ಶಬ್ದ 'ಙಾಯ್'. ನಮ್ಮ ವರ್ಣಮಾಲೆಯಲ್ಲಿ ಸ್ಥಾನವಿದ್ದೂ ಪದದ ಆದಿಯಲ್ಲಿ ನಮಗೆ ಕಾಣಸಿಗದ ಙಕಾರ ಅಲ್ಲಿ ದಿನಬಳಕೆಯ ಮಾತಿನ ಮೊದಲಕ್ಷರ. ಆದರೆ ಚೀನದಲ್ಲಿ ಬರೆಹದ ಭಾಷೆಯೆಂದರೆ ಪ್ರಾಚೀನ ಗ್ರಂಥಭಾಷೆ. ಅದರಲ್ಲಿ 'ಙಾಯ್' ಎಂಬುದಕ್ಕೆ ಲಿಪಿಸಂಕೇತವೇ ಇರಲಿಲ್ಲ. ಓದಿದವರು ಬೇರೊಂದು ಶಬ್ದವನ್ನು ಬರೆಯುತ್ತಿದ್ದರು. ಮಾತನಾಡುವಂತೆ ಬರೆಯಬೇಕೆಂದರೆ ಹೊಸ ಸಂಕೇತವನ್ನು ಹುಡುಕಬೇಕು, ಇಲ್ಲವೆ ಲಿಪಿಯನ್ನೇ ಬದಲಿಸಬೇಕು.

ಮಿಷನರಿಗಳು ಮೊದಲು ಹಿಡಿದುದು ಎರಡನೆಯ ದಾರಿಯನ್ನು. ಜರ್ಮನಿಯ ವಿದ್ವಾಂಸರಾದ ಲೆಪ್ಸಿಯುಸರು ಎಲ್ಲ ಭಾಷೆಗಳಿಗೂ ಒಪ್ಪುವಂತೆ ರೋಮನ್ ಲಿಪಿಯನ್ನು ಪರಿಷ್ಕರಿಸಿ ಸಿದ್ಧಪಡಿಸಿದ್ದ ವರ್ಣಮಾಲೆಯನ್ನು ಬಳಸಿ, ಲೆಖ್ಲರರು ಮತ್ತಾಯನ ಸುವಾರ್ತೆಯನ್ನು ಹಕ್ಕಾ ನುಡಿಯಲ್ಲಿ ೧೮೬೦ರಲ್ಲಿ ಅಚ್ಚುಮಾಡಿಸಿದರು. ಹಕ್ಕಾ ಆಡುಮಾತಿಗೆ ದೊರೆತ ಮೊದಲ ಅಚ್ಚಿನ ಪುಸ್ತಕಗಳಲ್ಲಿ ಇದೊಂದು. ೧೮೭೯ರಲ್ಲಿ ಬಾಸೆಲ್ಲಿನಲ್ಲಿ ಒಂದು ಓದುವ ಪುಸ್ತಕ ಹೊರಬಂದಿತು. ಅದರಲ್ಲಿ ಪ್ರಕೃತಿಯ ಪಾಠಗಳೂ ಕಥೆಗಳೂ ಇದ್ದವು.

ರೋಮನ್ ಲಿಪಿಯನ್ನು ಕಲಿಯಲು ಸಾವಿರಾರು ಚಿತ್ರಾಕ್ಷರಗಳನ್ನು ಬಾಯಿಪಾಠ ಮಾಡಬೇಕಾಗಿರಲಿಲ್ಲ. ಶಾಲೆಯ ಹೊಸ್ತಿಲನ್ನೇ ತುಳಿಯದ ಹೆಂಗಸರೂ ಮಕ್ಕಳೂ ಅಲ್ಪಕಾಲದಲ್ಲಿ ಓದಬಲ್ಲವರಾಗುತ್ತಿದ್ದರು. ಹಾಗಿದ್ದೂ ಅದು ನೆಲೆಗೊಳ್ಳಲಿಲ್ಲ. ಅದನ್ನು ಮಾತ್ರ ಕಲಿತವನು ಜಮೀನಿನ ಪತ್ರವನ್ನಾಗಲಿ ಕುಲದ ವಂಶಾವಳಿಯನ್ನಾಗಲಿ ಸರಕಾರದ ಪ್ರಕಟಣೆಯನ್ನಾಗಲಿ ಓದಲಾರ. ಅಕ್ಷರವೆಂದರೆ ಚೀನೀ ಅಕ್ಷರವೆಂದೇ ನಂಬಿದ್ದ ಜನಕ್ಕೆ ರೋಮನ್ ಬರೆಹ ವಿದ್ಯೆಯೆಂದು ತೋರಲಿಲ್ಲ. ತಮ್ಮ ಮಕ್ಕಳಿಗೆ ನಿಜವಾದ ಅಕ್ಷರ ಬೇಕೆಂದು ಸಭೆಯವರು ಕೇಳಿದರು, ಮಿಷನ್ ಮಣಿಯಿತು. ಆಡುಮಾತಿನ ಶಬ್ದಗಳಿಗೆ ವಿಶೇಷ ಸಂಕೇತಗಳನ್ನು ಸೇರಿಸಿದ ಚೀನೀ ಲಿಪಿಯೇ ಕ್ರಮೇಣ ಮೇಲುಗೈಯಾಯಿತು. ಹೊಸ ಒಡಂಬಡಿಕೆ ೧೮೮೩ರಲ್ಲಿ ಪೂರ್ಣವಾಯಿತು. ಸಮಗ್ರ ಬೈಬಲ್ ೧೯೧೬ರಲ್ಲಿ ಹೊರಬಂದಿತು.

ನಮ್ಮ ಕರಾವಳಿಯಲ್ಲಿ ಇದಕ್ಕೆ ಸಮೀಪವಾದ ದೃಷ್ಟಾಂತ ಕನ್ನಡವಲ್ಲ, ತುಳು. ಸಾವಿರ ವರ್ಷಗಳ ಸಾಹಿತ್ಯವುಳ್ಳ ಕನ್ನಡಕ್ಕೆ ಮಿಷನರಿಗಳು ಲಿಪಿಯನ್ನು ಕೊಡಬೇಕಾಗಿರಲಿಲ್ಲ. ಇದ್ದುದನ್ನು ಅಚ್ಚುಮಾಡಿದರೆ ಸಾಕಾಗಿದ್ದಿತು. ತುಳು ಮಾತ್ರ ಜನಸಾಮಾನ್ಯರ ಓದುಬರೆಹದಲ್ಲಿ ಬಳಕೆಯಾಗದ ನುಡಿ. ಅದನ್ನು ಬಾಸೆಲ್ ಮಿಷನ್ ರೋಮನ್ ಲಿಪಿಯಲ್ಲಿ ಬರೆಯದೆ, ನೆರೆಯ ಕನ್ನಡ ಲಿಪಿಯಲ್ಲಿ ಬರೆಯಿತು. ೧೮೪೭ರ ತುಳು ಹೊಸ ಒಡಂಬಡಿಕೆಯೂ ಮೆನ್ನರರ ೧೮೮೬ರ ನಿಘಂಟೂ ಈ ಕ್ರಮದವು. ಜನರು ಗೌರವಿಸುವ ಲಿಪಿಯೇ ಉಳಿಯುತ್ತದೆಂಬುದನ್ನು ಮಿಷನ್ ಮಂಗಳೂರಿನಲ್ಲಿ ಮೊದಲೇ ಆಚರಿಸಿತು, ಹಕ್ಕಾ ನಾಡಿನಲ್ಲಿ ತಡವಾಗಿ ಕಲಿಯಿತು.

ರೋಮನ್ ಲಿಪಿಯ ಪುಸ್ತಕಗಳು ಸಭೆಗೆ ಬೇಡವಾದರೂ ಭಾಷಾವಿಜ್ಞಾನಕ್ಕೆ ನಿಧಿಯಾದವು. ಚಿತ್ರಾಕ್ಷರ ಉಚ್ಚಾರಣೆಯನ್ನು ಮರೆಮಾಡುತ್ತದೆ. ರೋಮನ್ ಬರೆಹ ಹತ್ತೊಂಬತ್ತನೆಯ ಶತಮಾನದ ಹಕ್ಕಾ ಧ್ವನಿಯನ್ನು ಹಿಡಿದಿಟ್ಟಿದೆ. ಹಿಲರಿ ಚಾಪೆಲ್ ಮತ್ತು ಕ್ರಿಸ್ತೀನ್ ಲಮಾರ್ ಎಂಬ ವಿದುಷಿಯರು ಬಾಸೆಲ್ ಗ್ರಂಥಭಂಡಾರದ ಹಕ್ಕಾ ವ್ಯಾಕರ಼ಣವನ್ನೂ ಶಬ್ದಕೋಶವನ್ನೂ ೨೦೦೫ರಲ್ಲಿ ವಿವರಣೆಯೊಡನೆ ಪ್ರಕಟಿಸಿದರು. ಇಂಗ್ಲಿಷ್ ಪ್ರೆಸ್‌ಬಿಟೇರಿಯನ್ ಮಿಷನ್ನಿನ ಡೊನಾಲ್ಡ್ ಮೆಕೈವರರ ೧೯೦೫ರ ಹಕ್ಕಾ ನಿಘಂಟು, ಫ್ರೆಂಚ್ ಕಥೋಲಿಕ ಬೋಧಕರಾದ ಶಾರ್ಲ್ ರೇ ಅವರ ೧೯೦೧ರ ನಿಘಂಟು ಇವೂ ಉಲ್ಲೇಖಾರ್ಹ.

೬. ಪಿತೃಪೂಜೆ ಮತ್ತು ಹೆಣ್ಣುಮಕ್ಕಳು

ಹಕ್ಕಾ ಕ್ರೈಸ್ತರಿಗೆ ಅತ್ಯಂತ ಕಠಿನವಾದ ಪ್ರಶ್ನೆ ಪಿತೃಗಳನ್ನು ಕುರಿತದ್ದು. ಕುಲದ ಮಂದಿರದಲ್ಲಿ ಪೂರ್ವಿಕರ ಹೆಸರಿನ ಫಲಕಗಳ ಮುಂದೆ ಧೂಪವಿಟ್ಟು ನಮಿಸುವುದು ಮಗನಾದವನ ಮೊದಲ ಧರ್ಮ. ಬಾಸೆಲ್ ಮಿಷನ್ ಇದನ್ನು ವಿಗ್ರಹಾರಾಧನೆಯೆಂದು ನಿಷೇಧಿಸಿತು. ದೇವಸ್ಥಾನದ ಉತ್ಸವಕ್ಕೂ ನಾಟಕಕ್ಕೂ ವಂತಿಗೆ ಕೊಡಲೊಲ್ಲದವನು ಊರಿಗೆ ದ್ರೋಹಿಯಾಗಿ ಕಂಡನು. ಪಿತೃಗಳಿಗೆ ನಮಿಸದವನು ಮನೆಗೆ ದ್ರೋಹಿಯಾಗಿ ಕಂಡನು. ವಾರ್ಧಕ್ಯದ ತಾಯಿ ತನ್ನ ಮರಣಾನಂತರ ಪೂಜಿಸುವವರಿಲ್ಲವೆಂದು ಅಳುವಾಗ ಮಗನು ಪಡುವ ಸಂಕಟವನ್ನು, ಶ್ರಾದ್ಧಕರ್ಮದ ಮಹತ್ತ್ವವನ್ನು ಬಲ್ಲ ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ಇದಕ್ಕೆ ಹಕ್ಕಾ ಕ್ರೈಸ್ತರು ತಮ್ಮದೇ ಆದ ಪರಿಹಾರವನ್ನು ಕಂಡುಕೊಂಡರು. ಹಾಂಗ್ ಕಾಂಗಿನ ಹೊಸ ಪ್ರಾಂತದಲ್ಲಿ, ಫಾನ್‌ಲಿಂಗ್ ಹತ್ತಿರ, ಬಾಸೆಲ್ ಮಿಷನ್ನಿನ ಹಕ್ಕಾ ಸಭಾಪಾಲಕರೊಬ್ಬರು ೧೯೦೩ರಲ್ಲಿ ಬಂದು ನೆಲಸಿದುದರಿಂದ ಬೆಳೆದ ಶುಂಗ್ ಹಿಮ್ ತೋಂಗ್ ಎಂಬ ಕ್ರೈಸ್ತ ಹಳ್ಳಿಯುಂಟು. ಮಾನವಶಾಸ್ತ್ರಜ್ಞೆ ನಿಕೋಲ್ ಕಾನ್‌ಸ್ಟಬಲ್ ಇದನ್ನು ಕುರಿತು ೧೯೯೪ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅಲ್ಲಿಯವರು ಧೂಪ ಹಚ್ಚುವುದಿಲ್ಲ, ನೈವೇದ್ಯ ಇಡುವುದಿಲ್ಲ. ಆದರೆ ಸಮಾಧಿಗಳಿಗೆ ಹೋಗಿ ಶುಚಿಗೊಳಿಸುತ್ತಾರೆ, ಹೂವಿಡುತ್ತಾರೆ, ಪೂರ್ವಿಕರ ವಂಶಾವಳಿಯನ್ನು ಜೋಪಾನವಾಗಿ ಕಾಪಾಡುತ್ತಾರೆ. ಪೂಜೆಯನ್ನು ಬಿಟ್ಟು ಸ್ಮರಣೆಯನ್ನು ಉಳಿಸಿಕೊಂಡ ಈ ಕ್ರಮ ಬಾಸೆಲ್ಲಿನಲ್ಲಿ ಬರೆದ ನಿಯಮವಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಮಿಷನ್ನಿನ ಪಾತ್ರ ಹೆಚ್ಚು ನೇರವಾದುದು. ಹಕ್ಕಾ ಹೆಂಗಸರ ಕಾಲುಗಳು ಸ್ವತಂತ್ರವಾಗಿದ್ದರೂ ಬಾಳು ಸ್ವತಂತ್ರವಾಗಿರಲಿಲ್ಲ. ಹೆಣ್ಣು ಶಿಶುಗಳನ್ನು ತೊರೆಯುವುದೂ, ಎಳೆಯ ಮಗುವನ್ನೇ ಸೊಸೆಯಾಗಿ ಬೇರೆ ಮನೆಗೆ ಕೊಟ್ಟುಬಿಡುವುದೂ ವ್ಯಾಪಕವಾಗಿದ್ದವು. ಲೆಖ್ಲರ್ ದಂಪತಿಗಳು ಹಾಂಗ್ ಕಾಂಗಿನಲ್ಲಿ ಹುಡುಗಿಯರಿಗಾಗಿ ಶಾಲೆಯನ್ನು ನಡೆಸಿದರು. ಲಿಲಾಂಗಿನಲ್ಲಿ ಉಪದೇಶಿಗಳ ಶಿಕ್ಷಣಶಾಲೆ ೧೮೬೦ರ ದಶಕದಲ್ಲಿ ಆರಂಭವಾಯಿತು. ಹುಡುಗಿಯರ ಶಾಲೆಯಲ್ಲಿ ಓದಿದವರು ಉಪದೇಶಿಗಳ ಹೆಂಡತಿಯರಾಗಿ ಹಳ್ಳಿಗಳಿಗೆ ಹೋಗಿ ತಾವೇ ಅಧ್ಯಾಪಿಕೆಯರಾದುದರಿಂದ, ಹೆಣ್ಣಿನ ವಿದ್ಯೆ ತಾಯಿಯಿಂದ ಮಗಳಿಗೆ ಇಳಿದುಬರುವಂತಾಯಿತು.

೭. ವಲಸೆ ಮತ್ತು ಸ್ವಾಭಿಮಾನ

ಅತಿಥಿಗಳೆನಿಸಿದ ಜನ ಮತ್ತೆ ವಲಸೆ ಹೊರಟರು. ಉತ್ತರ ಬೋರ್ನಿಯೋ ಕಂಪನಿ ತನ್ನ ಹೊಸ ಸೀಮೆಗೆ ರೈತರನ್ನು ಬಯಸಿದಾಗ, ಲೆಖ್ಲರರ ಮಧ್ಯಸ್ಥಿಕೆಯಿಂದ ೧೮೮೨-೮೩ರ ವೇಳೆಗೆ ಹಕ್ಕಾ ಕ್ರೈಸ್ತ ಕುಟುಂಬಗಳು ಕೂದಾತ್ ಪ್ರದೇಶಕ್ಕೆ ಹೋಗಿ ನೆಲಸಿದವು. ಇಂದಿನ ಮಲೇಷ್ಯದ ಸಬಾ ರಾಜ್ಯದ ಬಾಸೆಲ್ ಕ್ರೈಸ್ತ ಸಭೆ ಇವರಿಂದ ಬೆಳೆದುದು. ದಾಖಲೆಯ ಸಂಸ್ಥೆ ತನ್ನ ಹೆಸರನ್ನು ಬದಲಿಸಿ ೨೦೦೧ರಲ್ಲಿ 'ಮಿಷನ್ ೨೧' ಎಂಬುದರಲ್ಲಿ ಲೀನವಾಗಿದ್ದರೂ, ಬಾಸೆಲ್ ಎಂಬ ಹೆಸರು ಬೋರ್ನಿಯೋದ ಹಕ್ಕಾ ಜನರಲ್ಲಿ ಉಳಿದಿದೆ.

ಮಿಷನರಿಗಳು ಹಕ್ಕಾ ಜನರಿಗೆ ಸಲ್ಲಿಸಿದ ಇನ್ನೊಂದು ಸೇವೆ ಅವರು ಎಣಿಸಿರದ ಬಗೆಯದು. ಬಾಸೆಲ್ಲಿನಿಂದ ಬಂದು ಅನಂತರ ಲಂಡನ್ ಮಿಷನ್ನನ್ನು ಸೇರಿದ ಎರ್ನ್ಸ್ಟ್ ಐಟೆಲ್, ಬಾಸೆಲ್ಲಿನ ಶಾರ್ಲ್ ಪಿಟನ್ ಮೊದಲಾದವರು ೧೮೬೦-೭೦ರ ದಶಕಗಳಲ್ಲಿ ಹಕ್ಕಾ ಜನರ ಮೂಲವನ್ನೂ ಆಚಾರಗಳನ್ನೂ ಕುರಿತು ಲೇಖನಗಳನ್ನು ಬರೆದು, ಇವರು ಚೀನೀಯರಲ್ಲವೆಂಬ ಹೀಯಾಳಿಕೆಯನ್ನು ಅಲ್ಲಗಳೆದರು. ೧೯೩೩ರಲ್ಲಿ ಲ್ವೋ ಶ್ಯಾಂಗ್‌ಲಿನ್ ಎಂಬ ಹಕ್ಕಾ ವಿದ್ವಾಂಸರು ವಂಶಾವಳಿಗಳನ್ನು ಪರಿಶೀಲಿಸಿ, ತಮ್ಮ ಜನರು ಐದು ವಲಸೆಗಳಲ್ಲಿ ಮಧ್ಯ ಚೀನದಿಂದ ಬಂದವರೆಂಬ ಸಿದ್ಧಾಂತವನ್ನು ವಿಸ್ತಾರವಾಗಿ ಮಂಡಿಸಿದರು. ಇತ್ತೀಚಿನ ಸಂಶೋಧಕರು ಈ ಸಿದ್ಧಾಂತವನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಹಕ್ಕಾ ಎಂಬ ಪ್ರತ್ಯೇಕತೆಯ ಭಾವನೆ ನೆರೆಯವರೊಡನೆ ನಡೆದ ಘರ್ಷಣೆಯಿಂದ ರೂಪುಗೊಂಡಿತೆಂದು ಅವರ ಅಭಿಪ್ರಾಯ. ಅದೇನೇ ಇರಲಿ, ಬೈಗುಳಕ್ಕೆ ಸಮೀಪವಾಗಿದ್ದ ಹೆಸರು ಅಭಿಮಾನದ ಹೆಸರಾಗಿ ಮಾರ್ಪಡುವಲ್ಲಿ ಈ ಬರೆಹಗಳಿಗೂ, ಹಕ್ಕಾ ನುಡಿಯಲ್ಲಿಯೇ ಪ್ರಾರ್ಥನೆ ನಡೆಸುತ್ತಿದ್ದ ಸಭೆಗಳಿಗೂ ಪಾತ್ರವುಂಟು.

೮. ಉಪಸಂಹಾರ

ಮೇಲಿನ ವಿಷಯಗಳನ್ನು ಒಟ್ಟುಗೂಡಿಸಿ ನೋಡಿದಾಗ ಕೆಲವು ನಿರ್ಣಯಗಳಿಗೆ ಬರಬಹುದು. ದಂಗೆಯ ಮೂಲಕ್ಕೆ ಸಾಕ್ಷ್ಯ ಕೊಟ್ಟವರು ಹಕ್ಕಾ ಬಂಧುಗಳು; ವೂಹ್ವಾದಲ್ಲಿ ಸಭೆಯನ್ನು ನೆಟ್ಟವರು ಹಕ್ಕಾ ಉಪದೇಶಿಗಳು; ಲಿಪಿಯ ವಿವಾದವನ್ನು ತೀರ್ಮಾನಿಸಿದವರು ಹಕ್ಕಾ ಓದುಗರು; ಪಿತೃಸ್ಮರಣೆಗೆ ದಾರಿ ಕಂಡುಕೊಂಡವರು ಹಕ್ಕಾ ಮನೆಯವರು. ಶಾಲೆ, ಅಚ್ಚುಕೂಟ, ನಿಘಂಟು, ಅಧಿಕಾರಿಗಳ ಮುಂದೆ ಬೆಂಬಲ, ಊರೂರನ್ನು ಬೆಸೆಯುವ ವ್ಯವಸ್ಥೆ ಇವು ಮಿಷನ್ನಿನ ಕೊಡುಗೆ. ಆ ಕೊಡುಗೆ ಚಿಕ್ಕದಲ್ಲ. ಆದರೆ ಅದನ್ನು ಆರಿಸಿ, ತಿದ್ದಿ, ತಮಗೆ ಒಗ್ಗಿಸಿಕೊಂಡವರ ಹೆಸರುಗಳು ವರದಿಗಳ ಮುಖಪುಟದಲ್ಲಿಲ್ಲ. ಅವು ಒಳಗಿನ ಪುಟಗಳಲ್ಲಿ, 'ನಮ್ಮ ಸಹಾಯಕರು' ಎಂಬಂಥ ಮಾತುಗಳ ಹಿಂದೆ ಅಡಗಿವೆ.

ಬಾಸೆಲ್ ನಗರದ ದಾಖಲೆ ಭಂಡಾರದಲ್ಲಿ ಚೀನದ ಪತ್ರಗಳೊಡನೆ ಮಂಗಳೂರು, ಧಾರವಾಡ, ಹುಬ್ಬಳ್ಳಿ, ಕೊಡಗುಗಳಿಂದ ಹೋದ ಪತ್ರಗಳೂ ಇವೆ. ಮೋಗ್ಲಿಂಗ್, ವೈಗ್ಲೆ, ಕಿಟ್ಟೆಲರ ಶ್ರಮವನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ; ಅದು ಉಚಿತವೇ. ಅವರಿಗೆ ಗ್ರಂಥಗಳನ್ನು ಓದಿ ಹೇಳಿದ ಪಂಡಿತರು, ಶಬ್ದಗಳನ್ನು ಕೂಡಿಸಿಕೊಟ್ಟವರು, ಊರೂರು ತಿರುಗಿದ ಉಪದೇಶಿಗಳು, ಹುಡುಗಿಯರ ಶಾಲೆಯಲ್ಲಿ ಪಾಠ ಹೇಳಿದ ಹೆಂಗಸರು ಇವರ ವಿಷಯ ನಮಗೆ ತಿಳಿದಿರುವುದು ಅತ್ಯಲ್ಪ. ಹಕ್ಕಾ ಚರಿತ್ರೆಯಲ್ಲಿ ಈಚೆಗೆ ನಡೆದಿರುವ ಸಂಶೋಧನೆಯ ಕ್ರಮವನ್ನು ಅನುಸರಿಸಿ, ಜರ್ಮನ್ ಭಾಷೆಯನ್ನು ಕಲಿತ ನಮ್ಮ ವಿದ್ಯಾರ್ಥಿಗಳು ಆ ಪತ್ರಗಳನ್ನು ಶೋಧಿಸಿದರೆ, ಕನ್ನಡ ನಾಡಿನ ಹತ್ತೊಂಬತ್ತನೆಯ ಶತಮಾನದ ಚರಿತ್ರೆಗೆ ಹಲವು ಹೊಸ ಹೆಸರುಗಳು ಸೇರುವುದರಲ್ಲಿ ಸಂದೇಹವಿಲ್ಲ.